ನನಗಿಂತ ಮೊದಲು ಹಾಡಿದವಳು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದಾಗ ನಾನು ಕೇಳಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ಅವರ ಮುಖವನ್ನೇ ನೋಡುತ್ತಿದ್ದೆ. ಹೀಗೆ ಹೇಳುವುದರಿಂದ ಇವರಿಗೆ ಏನಾಗಬೇಕಾಗಿದೆ ಎಂಬುದೇ ನನ್ನ ಮೊದಲ ಅನುಮಾನ. ಅದರಲ್ಲೂ ದನಿಯ ವಿಷಯದಲ್ಲಿ ನನ್ನನ್ನು ನಂಬಿಸುವುದು ಕಷ್ಟ. ಒಂದು ಲ್ಯಾಪ್‌ಟಾಪ್ ಇದ್ದರೆ ಒಬ್ಬಳ ಗಂಟಲನ್ನು ಊರಿನ ಗಂಟಲು ಮಾಡಬಹುದು. ನನ್ನ ಕಸುಬಿನಲ್ಲಿ ಅದು ದಿನವೂ ನಡೆಯುವ ಕೆಲಸ. ಹಾಗಾಗಿ ನೀವು ಮುಂದಿನದನ್ನು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ನಾನು ಹಾಡುವುದು ಸೋಲ್ ಸಂಗೀತ. ಗೆಲುವು ಸೋಲಿನ ಸೋಲಲ್ಲ. ಅಮೆರಿಕದ ಕಪ್ಪು ಜನರ ಪ್ರಾರ್ಥನೆಯ ಹಾಡುಗಳಿಂದ ಹೊರಟ ಒಂದು ಬಗೆ. ಎದೆಯೊಳಗಿರುವುದನ್ನು ಮುಚ್ಚಿಡದೆ ಹಾಡಬೇಕು. ನಾನದನ್ನು ಕನ್ನಡದಲ್ಲಿ ಹಾಡುತ್ತೇನೆ. ಎಷ್ಟೋ ಕಡೆ ಮಾತೇ ಇರುವುದಿಲ್ಲ, ಬರೀ ಉಸಿರು, ನರಳಿಕೆ, ಗುನುಗು. ಕವಲಂದೆಯಲ್ಲಿ ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುವ ನಮ್ಮಪ್ಪ ಮೊದಲ ಸಲ ಮೊಬೈಲಿನಲ್ಲಿ ನನ್ನ ಹಾಡು ಕೇಳಿ, "ಯಾಕವ್ವ, ಒಟ್ಟೆ ನೋವಾ?" ಎಂದಿದ್ದರು.

ನಂಜನಗೂಡಿನಲ್ಲಿ ಕಾಲೇಜು ಓದುವಾಗ ವಿನಯ್ ಪರಿಚಯವಾದ. ಕೀಬೋರ್ಡ್ ನುಡಿಸುತ್ತಿದ್ದ, ರೆಕಾರ್ಡಿಂಗನ್ನೂ ಕಲಿತಿದ್ದ. ಅವನು ಕಟ್ಟಿದ ಬ್ಯಾಂಡಿಗೆ ನಾನು ಗಾಯಕಿಯಾದೆ. ಮೈಸೂರಿನ ಕೆಫೆಗಳಲ್ಲಿ, ಮದುವೆ ರಿಸೆಪ್ಷನ್ನುಗಳಲ್ಲಿ ವರ್ಷಗಟ್ಟಲೆ ಹಾಡಿದೆವು. ಒಳ್ಳೆಯ ಗೆಳೆಯ. ಆದರೆ ಹಾಡಿನ ನಡುವೆ ನಾನು ಒಂದು ಕ್ಷಣ ಸುಮ್ಮನಾದರೂ ಆ ಜಾಗವನ್ನು ಅವನ ಕೀಬೋರ್ಡು ತುಂಬಿಬಿಡುತ್ತಿತ್ತು. ಕೊನೆಗೊಂದು ದಿನ, ಇನ್ನು ಮೇಲೆ ಒಬ್ಬಳೇ ಹಾಡುತ್ತೇನೆ ಎಂದೆ.

"ನಿನ್ ಕೈಲಿ ಆಗಲ್ಲ ಕಣೆ," ಎಂದ ಅವನು. "ಯಾರಾದ್ರೂ ಮುಂದೆ ಸಾಲು ಎತ್ಕೊಡ್ಬೇಕು, ಆಗ್ಲೇ ನೀನು ಹಾಡೋದು."

ಆ ಮಾತು ನನ್ನನ್ನು ಚುಚ್ಚಿತು. ನನ್ನ ಮೊದಲ ಹಾಡಿಗೆ ವಾದ್ಯವೂ ಬೇಡ, ದನಿಯ ಮೇಲೆ ದನಿ ಕೂರಿಸುವ ಕಂಪ್ಯೂಟರ್ ಕೆಲಸವೂ ಬೇಡ, ಒಂದೇ ಗಂಟಲು, ಒಂದೇ ಮೈಕು ಎಂದು ಹಟ ಹಿಡಿದೆ. ಬನ್ನೂರಿನಲ್ಲಿ ನನ್ನ ಸೋದರತ್ತೆಯ ಮನೆಗೆ ಅಂಟಿಕೊಂಡಂತೆ ಅವರದೇ ರೈಸ್ ಮಿಲ್ಲಿದೆ, ನಿಂತುಹೋಗಿ ಬಹಳ ಕಾಲವಾಯಿತು. ಅದರ ಗೋಡೌನಿನಲ್ಲಿ ದನಿ ದುಂಡಗೆ ಕೇಳುತ್ತದೆಂದು ಚಿಕ್ಕಂದಿನಿಂದ ಗೊತ್ತಿತ್ತು. ವಿನಯ್ ತಾನೇ ಬಂದು ರೆಕಾರ್ಡ್ ಮಾಡಿಕೊಡುತ್ತೇನೆ ಎಂದ. ಇಷ್ಟು ಬೇಗ ಇವನ ಮನಸ್ಸು ತಿಳಿಯಾಯಿತೇ ಎಂದು ಆಗಲೇ ಅನ್ನಿಸಿತು. ಆದರೂ ಒಪ್ಪಿಕೊಂಡೆ.

ಅತ್ತೆಯ ಮನೆಯಲ್ಲಿ ಊಟ ಮುಗಿಸಿ ಮಧ್ಯಾಹ್ನ ಮಿಲ್ಲಿಗೆ ಹೋದೆವು. ಒಳಗೆ ಇನ್ನೂ ತವುಡಿನ ವಾಸನೆಯಿತ್ತು, ತಗಡಿನ ಸಂದುಗಳಿಂದ ಬಿಸಿಲು ಬೀಳುತ್ತಿತ್ತು. ಹೆದರುವಂಥದ್ದು ಅಲ್ಲಿ ಏನೂ ಇರಲಿಲ್ಲ. ರಾಗವನ್ನು ನಾನು ಮೊದಲೇ ಕಟ್ಟಿಕೊಂಡಿರಲಿಲ್ಲ. ಆ ಹೊತ್ತಿಗೆ ಏನು ಬರುತ್ತದೋ ಅದೇ ಹಾಡು ಎಂದು ಕಣ್ಣು ಮುಚ್ಚಿ ಹಾಡಿದೆ. ಮುಗಿಸಿ ಕಣ್ಣು ಬಿಟ್ಟಾಗ ವಿನಯ್ ಹೆಡ್‌ಫೋನ್ ಕಳಚಿ ಕೈಯಲ್ಲಿ ಹಿಡಿದುಕೊಂಡು ನನ್ನ ಬೆನ್ನ ಹಿಂದೆ ನೋಡುತ್ತಿದ್ದ. ಹಿಂದೆ ಬರೀ ಗೋಡೆ.

"ಇಲ್ಲಿ ಇನ್ಯಾರಾದ್ರೂ ಇದಾರಾ?" ಎಂದ.

"ನಾಟಕ ಬೇಡ," ಎಂದೆ. ಅವನು ಹೆಡ್‌ಫೋನನ್ನು ನನ್ನತ್ತ ಚಾಚಿದ.

ಹಾಡಿನಲ್ಲಿ ಇಬ್ಬರಿದ್ದರು. ಒಂದು ನನ್ನ ದನಿ. ಇನ್ನೊಂದೂ ಹೆಣ್ಣಿನದೇ, ನನಗಿಂತ ವಯಸ್ಸಾದವಳದು, ಸಾಲಿನ ಕೊನೆಗೆ ಕೊಂಚ ಒಡೆಯುವಂಥದ್ದು. ಪ್ರತಿಧ್ವನಿಯಾಗಿದ್ದರೆ ನನ್ನ ಹಿಂದೆ ಬರಬೇಕಿತ್ತು. ಇದು ಮುಂದಿತ್ತು. ಅವಳು ಒಂದು ಸಾಲು ಎತ್ತುತ್ತಾಳೆ, ಅರೆ ಉಸಿರಿನಷ್ಟು ತಡವಾಗಿ ಅದನ್ನೇ ನಾನು ಹಾಡುತ್ತೇನೆ. ಹಾಡುವಾಗ ಮಾತ್ರ ನನ್ನ ಕಿವಿಗೆ ಏನೂ ಬಿದ್ದಿರಲಿಲ್ಲ.

ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಯಾರಾದರೂ ಎತ್ತಿಕೊಡಬೇಕು ಎಂದವನು ಇವನೇ ಅಲ್ಲವೇ? ಏನು ಮಾಡಿದೆ ಹೇಳು ಎಂದು ಕೂಗಾಡಿದೆ. "ನಿನ್ನಾಣೆ, ಏನೂ ಮಾಡಿಲ್ಲ. ನೀನು ಹಾಡ್ತಿದ್ದಾಗ್ಲೇ ಹಿಂಗೇ ಕೇಳಿಸ್ತು," ಎಂದು ಅವನು ಮತ್ತೆ ಮತ್ತೆ ಅದನ್ನೇ ಹೇಳಿದ. ಗಲಾಟೆ ಕೇಳಿ ಅತ್ತೆ ಬಾಗಿಲಿಗೆ ಬಂದರು.

"ಯಾಕ್ ಕಿರುಚ್ಕತಿದ್ದೀಯವ್ವ? ಅಷ್ಟ್ ಚೆನ್ನಾಗಿ ಪದ ಯೋಳ್ತಿದ್ರಿ ಇಬ್ರೂವೆ."

"ಯಾವ ಇಬ್ರು ಅತ್ತೆ?"

"ನೀನೂ, ಆ ದೊಡ್ಡೋಳೂ. ಎಲ್ಲೋದ್ಲು ಅವ್ಳು?"

ಊಟಕ್ಕೆ ಕೂತಾಗ ಅತ್ತೆಯೂ ವಿನಯನೂ ನಗುನಗುತ್ತ ಏನೋ ಮಾತಾಡಿಕೊಂಡದ್ದು ನೆನಪಾಯಿತು. ಸೇರಿಕೊಂಡು ಆಟ ಆಡಿಸುತ್ತಿದ್ದಾರೆ ಎಂದೇ ತೀರ್ಮಾನಿಸಿದೆ. ಗೋಡೌನಿನ ಮೂಲೆಗಳನ್ನೆಲ್ಲ, ಹರಿದ ಗೋಣಿಚೀಲಗಳ ರಾಶಿಯನ್ನೂ ಜಾಲಾಡಿದೆ, ಸ್ಪೀಕರ್ ಏನಾದರೂ ಬಚ್ಚಿಟ್ಟಿದ್ದಾರೇನೋ ಎಂದು. ಏನೂ ಸಿಗಲಿಲ್ಲ. ರೆಕಾರ್ಡರಿನ ಮೆಮೊರಿ ಕಾರ್ಡನ್ನು ಕಿತ್ತು ನಾನೇ ಇಟ್ಟುಕೊಂಡೆ. ಮಾರನೆಯ ದಿನ ವಿನಯ್ ಇಲ್ಲದಾಗ ಅದೇ ಜಾಗದಲ್ಲಿ ನಿಂತು ನನ್ನ ಮೊಬೈಲಿಗೆ ಹಾಡಿ ಕೇಳಿದೆ. ಇದ್ದದ್ದು ನನ್ನ ದನಿಯೊಂದೇ. ನನಗೆ ಬೇಕಾದ ಸಾಕ್ಷಿ ಸಿಕ್ಕಿತು. ಅವನೊಡನೆ ಮಾತು ಬಿಟ್ಟೆ. ಅತ್ತೆಯ ಮನೆಗೆ ಹೋಗುವುದೂ ಕಡಿಮೆಯಾಯಿತು.

ಹಾಡನ್ನು ಮೈಸೂರಿನಲ್ಲಿ ಬೇರೆಯವರ ಕೈಲಿ ಮತ್ತೆ ರೆಕಾರ್ಡ್ ಮಾಡಿಸಿ ಹೊರತಂದೆ. ಜನ ಕೇಳಿದರು, ಅಲ್ಲಿ ಇಲ್ಲಿ ಕರೆಯತೊಡಗಿದರು. ಟಿ. ನರಸೀಪುರದ ಒಂದು ಕಾಲೇಜಿನವರು ಸಂಜೆ ಪೂರ್ತಿ ನನ್ನೊಬ್ಬಳದೇ ಕಾರ್ಯಕ್ರಮ ಇಟ್ಟರು. ಹಾಗೆ ಒಬ್ಬಳೇ ನಿಲ್ಲುತ್ತಿದ್ದುದು ಅದೇ ಮೊದಲು. ವೇದಿಕೆಯ ಹಿಂದಿನ ಕೋಣೆಯಲ್ಲಿ ಕಾಯುತ್ತ ಕೂತಿದ್ದಾಗ, ಮಿಲ್ಲಿನಲ್ಲಿ ಬಂದ ರಾಗವನ್ನು ನೆನಪು ಮಾಡಿಕೊಳ್ಳೋಣವೆಂದು ವಿನಯ್‌ನ ಕಾರ್ಡಿನಿಂದ ಮೊಬೈಲಿಗೆ ಹಾಕಿಕೊಂಡಿದ್ದ ಆ ಹಳೆಯ ರೆಕಾರ್ಡಿಂಗನ್ನು ಕೇಳಿದೆ. ಸಿಟ್ಟಿಲ್ಲದೆ ಕೇಳಿದ್ದು ಅದೇ ಮೊದಲು.

ಹಾಡಿನ ನಡುವೆ ಒಂದು ಕಡೆ ನಾನು ಕೆಳಗಿನ ಸ್ವರಕ್ಕೆ ಇಳಿಯುವವಳಿದ್ದೆ. ಬಾಯಿ ತೆರೆಯುವ ಹೊತ್ತಿಗೆ ಏಕೋ ಮನಸ್ಸು ಬದಲಾಗಿ ಮೇಲಕ್ಕೆ ಹೋಗಿದ್ದೆ. ಇಳಿಯಬೇಕೆಂದುಕೊಂಡಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೇಳುವಂಥ ವಿಷಯವೂ ಅಲ್ಲ. ಅಲ್ಲಿ ಅವಳು ಕೆಳಕ್ಕೆ ಇಳಿದಿದ್ದಳು. ನಾನು ಮೇಲೆ ಹೋದ ಕೂಡಲೇ ಅವಳ ದನಿ ತಟ್ಟನೆ ನಿಂತು, ಆ ಸಾಲು ಮುಗಿಯುವ ತನಕ ಸುಮ್ಮನಿತ್ತು.

ಅಲ್ಲಿಂದಲೇ ವಿನಯ್‌ಗೆ ಫೋನ್ ಮಾಡಿದೆ. ಅವನು ಎಲ್ಲವನ್ನೂ ಕೇಳಿ, "ಹಂಗಾದ್ರೆ ನಾನಲ್ಲ ಅಂತ ಈಗ್ಲಾದ್ರೂ ಒಪ್ಕೊಂಡ್ಯಾ?" ಎಂದ.

"ನೀನಲ್ಲ ಅಂದ್ರೆ ಯಾರು ಅಂತ ಹೇಳ್ಬೇಕಾಗುತ್ತಲ್ಲೋ," ಎಂದೆ. ಅವನು ನಗಲಿಲ್ಲ. ಅಷ್ಟರಲ್ಲಿ ನನ್ನನ್ನು ವೇದಿಕೆಗೆ ಕರೆದರು.

ಈಗ ನಾವು ಮಾತಾಡುತ್ತೇವೆ. ಆದರೆ ಅವನು ನನ್ನ ಕಾರ್ಯಕ್ರಮಕ್ಕೆ ಬರುವುದಿಲ್ಲ, ಬಾ ಎಂದು ನಾನೂ ಕರೆಯುವುದಿಲ್ಲ. ಇವನೇ ಯಾವುದೋ ಉಪಾಯದಿಂದ ಮಾಡಿರಬಹುದೇ ಎಂಬ ಅನುಮಾನ ಇಂದಿಗೂ ಆಗಾಗ ತಲೆ ಎತ್ತುತ್ತದೆ. ನಿಜ ಹೇಳಬೇಕೆಂದರೆ, ಹಾಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸುತ್ತದೆ. ಕಸುಬು ಬಲ್ಲ ಕೆಲವರಿಗೆ ರೆಕಾರ್ಡಿಂಗ್ ಕೇಳಿಸಿದ್ದೇನೆ. ಅವರು ಕೊಟ್ಟ ಕಾರಣಗಳೆಲ್ಲ ಹಿಂದೆ ಬರುವ ದನಿಗೆ ಹೊಂದುತ್ತವೆ. ಮುಂದೆ ಬಂದ ದನಿಗೆ ಯಾರಲ್ಲೂ ಕಾರಣವಿಲ್ಲ.

ವೇದಿಕೆಯ ಮೇಲೆ ಬೆಳಕು ಬಿದ್ದ ಕೂಡಲೇ ನಾನು ಹಾಡಲು ಶುರು ಮಾಡುವುದಿಲ್ಲ, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತೇನೆ. ಅದನ್ನು ನನ್ನ ಶೈಲಿ ಎಂದು ಮೆಚ್ಚಿ ಬರೆದವರಿದ್ದಾರೆ. ನಾನದನ್ನು ತಿದ್ದಲು ಹೋಗಿಲ್ಲ. ಬೇರೆ ಯಾರೂ ಶುರು ಮಾಡಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಿರುತ್ತೇನೆ, ಅಷ್ಟೆ.