ಬಿಟ್ಟದ್ದು ಮಾತ್ರ ನೆನಪಿಲ್ಲ

ಅಪ್ಪನನ್ನು ಮಣ್ಣು ಮಾಡಿದ ಮಾರನೆಯ ದಿನ. ಪೂಜೆಗೆ ಕೂತು ಇಷ್ಟಲಿಂಗವನ್ನು ಎಡ ಅಂಗೈ ಮೇಲೆ ಇಡಲು ಹೋದೆ. ಬೆರಳು ತಾವಾಗಿಯೇ ಮಡಚಿಕೊಂಡವು. ಬಲಗೈಯಿಂದ ಬಿಡಿಸಲು ನೋಡಿದೆ. ಆಗಲಿಲ್ಲ.

ಎಡಗೈ ಮುಷ್ಟಿಯಾಗಿಯೇ ಉಳಿಯಿತು.

ಗಡಿಯಾಚೆಯ ನಿಲಂಗಾದಲ್ಲಿ ನಮ್ಮದು ಕಾಳಿನ ಅಂಗಡಿ. ಈಗ ಅಪ್ಪನ ತಮ್ಮ, ನಮ್ಮ ಕಾಕಾ, ನೋಡಿಕೊಳ್ಳುತ್ತಾನೆ. ತೊಗರಿ ಚೀಲ ಎತ್ತುವುದು, ಬಾಯಿ ಹೊಲಿಯುವುದು ನನ್ನ ಕೆಲಸ. ಒಂದೇ ಕೈಯಿಂದ ಎರಡೂ ಆಗುವುದಿಲ್ಲ. ಲಾತೂರಿನ ಆಸ್ಪತ್ರೆಗೆ ಹೋದೆವು. ಎಂಆರ್‌ಐ ಮಾಡಿದರು, ನರಕ್ಕೆ ಕರೆಂಟ್ ಕೊಟ್ಟು ನೋಡಿದರು. ಎಲ್ಲ ನಾರ್ಮಲ್. ಕೊನೆಗೆ ಅನಸ್ತೇಶಿಯಾ ಕೊಟ್ಟು ಮಲಗಿಸಿದಾಗ ಕೈ ಆರಾಮಾಗಿ ತೆರೆಯಿತಂತೆ. ಎಚ್ಚರವಾದ ಮೇಲೆ ಮತ್ತೆ ಮುಷ್ಟಿ.

“ಮಲಗಿದ್ರ ತೆರೀತದ, ಚೀಲ ಕಂಡ್ರ ಮುಚ್ತದ,” ಎಂದ ಕಾಕಾ. “ಭಾರೀ ಶಾಣ್ಯಾ ಕೈ ಅದ ಬಿಡು ನಿಂದು.”

ನನಗೆ ಸಿಟ್ಟು ಬಂತು. ಆಮೇಲೆ ನನ್ನ ಮೇಲೆ ನನಗೇ ಅನುಮಾನ ಬಂತು.

ನಾಟಕ ಮಾಡುತ್ತಿದ್ದೇನಾ?

ಯಾರೋ ಮಾಟ ಮಾಡಿಸಿದ್ದಾರೆ ಅಂತ ಅವ್ವನ ಅನುಮಾನ. ಲಾತೂರಿನವರು ಉದಗೀರಿನ ಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ನಮ್ಮ ಭಾಗಕ್ಕೆ ಮನಸ್ಸಿನ ಡಾಕ್ಟರು ಅಂತ ಬಂದವರಲ್ಲಿ ಅವರೇ ಮೊದಲು. ಬೀದರ ಕಡೆಯವರು, ಕನ್ನಡ ಬರುತ್ತದೆ. ಗುಳಿಗೆ ಇಲ್ಲ, ಸೂಜಿ ಇಲ್ಲ. ಕನಸು ಕೇಳುತ್ತಾರೆ. ಕನಸು ಕೇಳಿ ಕೈ ಬಿಡಿಸುವವರನ್ನು ಹೇಗೆ ನಂಬುವುದು?

ಎರಡನೇ ಸಲ ಹೋದಾಗ ಬಾಗಿಲು ಮುಚ್ಚಿತ್ತು. “ಬಾ, ಯಾಕ ಅಲ್ಲೇ ನಿಂತಿ?” ಅಂತ ಒಳಗಿಂದ ಕೇಳಿಸಿತು. ನನಗೇ ಅಂದುಕೊಂಡು ಒಳಗೆ ಹೋದೆ. ಡಾಕ್ಟರು ಒಬ್ಬರೇ ಕಣ್ಣು ಮುಚ್ಚಿ ಕೂತಿದ್ದರು.

“ಯಾರ ಜೋಡಿ ಮಾತಾಡ್ಲಿಕತ್ತೀರಿ?”

“ನಮ್ಮವ್ವನ ಜೋಡಿ. ತೀರಿ ಹೋಗ್ಯಾಳ. ಕನಸಿನ್ಯಾಗ ಬಂದು ಬಾಗಿಲದಾಗೇ ನಿಂದರ್ತಾಳ, ಒಳಗ ಬರಲ್ಲ. ಯಾಕ ಅಂತ ಎಚ್ಚರದಾಗ ಕೂತು ಕೇಳ್ತೀನಿ.”

“ಹಂಗಾದ್ರ ಹುಚ್ಚು ನಿಮಗದ, ನನಗಲ್ಲ.”

ನಕ್ಕರು. “ಇರಬಹುದು. ಬಾವಿ ಎಷ್ಟು ಆಳ ಅದ ಅಂತ ನಾ ಇಳದು ನೋಡದೆ ನಿನ್ನ ಹ್ಯಾಂಗ ಇಳಸ್ಲಿಪಾ? ಯಾರಿಗೂ ಹೇಳಿಲ್ಲ ಇದು. ನೀ ನೋಡ್ಬಿಟ್ಟಿ.”

ಎದ್ದು ಹೋಗಬೇಕೆಂದಿದ್ದೆ. ಆದರೆ ಮೋಸ ಮಾಡುವವನು ಇಂಥದ್ದನ್ನು ಒಪ್ಪಿಕೊಳ್ಳುವುದಿಲ್ಲ. ಕೂತೆ. ಕಣ್ಣು ಮುಚ್ಚು, ಮುಷ್ಟಿಯೊಳಗೆ ಏನಿದೆ ನೋಡು ಎಂದರು.

ಅಪ್ಪನ ಕೈ ಕಂಡಿತು.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತೇವೆ, ಎಡಗೈಯಲ್ಲಿ ಅವರ ಲಿಂಗ ಇಡುತ್ತೇವೆ. ಕುಣಿಯೊಳಗೆ ಇಳಿದು ಇಟ್ಟವನು ನಾನೇ. ಅಪ್ಪನ ಬೆರಳು ಹಿಡಿಯುತ್ತಿರಲಿಲ್ಲ, ಲಿಂಗ ಜಾರುತ್ತಿತ್ತು. ಬಿದ್ದೀತೆಂದು ಅವನ ಕೈಯನ್ನು ನನ್ನ ಎಡಗೈಯಿಂದ ಬಿಗಿಯಾಗಿ ಮುಚ್ಚಿ ಹಿಡಿದೆ. “ಬಿಡಪಾ, ಸಾಕು, ಮ್ಯಾಲ ಬಾ,” ಅಂತ ಮೇಲಿಂದ ಸ್ವಾಮಿಗಳು ಕರೆದರು. ಬಂದೆ. ಬಿಟ್ಟದ್ದು ಮಾತ್ರ ನೆನಪಿಲ್ಲ.

ಕೂತಲ್ಲೇ ಅತ್ತುಬಿಟ್ಟೆ. ಅಪ್ಪ ಹೋದಾಗ ಅತ್ತಿರಲಿಲ್ಲ.

ಕೈ ಅವತ್ತು ತೆರೆಯಲಿಲ್ಲ. ವಾರ ವಾರ ಹೋದೆ. ಫಿಸಿಯೋಥೆರಪಿಯೂ ಮಾಡಿದೆ, ಯಾವುದರಿಂದ ಗುಣವಾಯಿತೋ ಗೊತ್ತಿಲ್ಲ. ಮೊದಲು ಹೆಬ್ಬೆರಳು ಬಿಟ್ಟಿತು, ಆಮೇಲೆ ಉಳಿದವು. ಕಿರುಬೆರಳು ಇನ್ನೂ ಮಡಚಿದೆ. ಚೀಲ ಹೊಲಿಯುತ್ತೇನೆ. ಲಿಂಗ ಅಂಗೈ ಮೇಲೆ ಕೂರುತ್ತದೆ. ಕಾಕಾ ಈಗಲೂ ನನ್ನ ಕೈಯನ್ನು ಓರೆಗಣ್ಣಿನಿಂದ ನೋಡುತ್ತಾನೆ. ನಾನೂ ಡಾಕ್ಟರನ್ನು ಪೂರ್ತಿ ನಂಬಿಲ್ಲ.

ಹೋದ ವಾರ ಹೊರಡುವಾಗ ಕೇಳಿದೆ: “ನಿಮ್ಮವ್ವ ಒಳಗ ಬಂದ್ಳೇನ್ರೀ?”

“ಇನ್ನಾ ಇಲ್ಲಪಾ. ಬಾಗಿಲದಾಗೇ ಅದಾಳ.”

ಹೊರಗೆ ಬಂದು ಬಾಗಿಲು ಎಳೆದುಕೊಳ್ಳಲು ಎಡಗೈ ಚಾಚಿದೆ. ಎಳೆಯಲಿಲ್ಲ. ತೆರೆದೇ ಬಿಟ್ಟು ಬಂದೆ.