ರುಖವತದ ಮಿಕ್ಸರ್

ಗಂಡ ಮೊದಲು ಹೋದರು, ಜೆಡ್ಡಾದ ಕಾರ್ಖಾನೆಯೊಂದಕ್ಕೆ ಫಿಟರ್ ಆಗಿ. ಎರಡು ವರ್ಷಕ್ಕೆ ನನ್ನ ವೀಸಾ ಬಂತು. ಹುಕ್ಕೇರಿಯ ಮನೆಯಿಂದ ಏನೇನು ಒಯ್ಯಲಿ ಎಂದಾಗ ಮೊದಲು ನೆನಪಾದದ್ದು ನನ್ನ ಮಿಕ್ಸರ್.

ಅದು ನನ್ನ ಮದುವೆಯ ರುಖವತದಲ್ಲಿ ಬಂದದ್ದು. ತವರಿನವರು ಕೊಟ್ಟ ಸಾಮಾನನ್ನೆಲ್ಲ ಮಂಟಪದಲ್ಲಿ ಜೋಡಿಸಿ ಬೀಗರಿಗೆ ತೋರಿಸುವುದಕ್ಕೆ ನಮ್ಮ ಕಡೆ ರುಖವತ ಅನ್ನುತ್ತಾರೆ. ಮದುವೆಯ ಮರುದಿನವೇ ಅತ್ತೆ ಅದನ್ನು ಬಾಕ್ಸ್ ಸಮೇತ ಟ್ರಂಕಿಗೆ ಹಾಕಿ ಕೀಲಿ ಜಡಿದರು. "ಕಲ್ಲಿನ್ಯಾಗ ಅರದ ಚಟ್ನಿ ರುಚಿನ ಬ್ಯಾರೆ" ಅಂದರು. ಆರು ವರ್ಷ ನಾನು ಕಲ್ಲಿನ ಮುಂದೆ ಕೂತೆ. ರುಚಿಯಂತೆ ರುಚಿ! ಬಿದ್ದುಹೋಗುತ್ತಿದ್ದ ರಟ್ಟೆ ಯಾರದು? ಕೈ ಹಚ್ಚುತ್ತಿದ್ದವಳು ನಾದಿನಿ ಒಬ್ಬಳೇ.

ಟ್ರಂಕಿನ ಕೀಲಿ ಕೇಳಿದಾಗ ಅತ್ತೆಯ ಬಣ್ಣ ಬಯಲಾಯಿತು.

"ಅದನ್ನ ಬಿಟ್ಟು ಹೋಗ. ಬರೂ ತಿಂಗಳು ನಿನ್ನ ನಾದಿನಿ ಮದುವಿ ಐತಿ. ರುಖವತದಾಗ ಮಿಕ್ಸರ್ ಇಡತೇವಂತ ಬೀಗರಿಗೆ ಮಾತು ಕೊಟ್ಟೇನಿ. ಹೆಂಗೂ ಹೊಸಾದ ಐತಲ್ಲ."

ಹೊಸದಂತೆ! ಅದು ಹೊಸದಾಗಿ ಉಳಿಯಲಿ ಎಂದೇ ನನ್ನ ಕೈಯಲ್ಲಿ ಅರೆಸಿದ್ದು. ಮೈಯೆಲ್ಲ ಉರಿಯಿತು. ಒಯ್ದೇ ತೀರುತ್ತೇನೆ ಎಂದು ಸಂಕೇಶ್ವರಕ್ಕೆ ಹೋಗಿ ಜೆಡ್ಡಾದಲ್ಲಿ ಅದು ನಡೆಯುತ್ತದೆಯೇ ಎಂದು ರಿಪೇರಿಯವನನ್ನು ವಿಚಾರಿಸಿದೆ.

"ಅಲ್ಲಿ ಕರೆಂಟಿನ ಜೋರು ಅರ್ಧ ಐತ್ರಿ ಅಕ್ಕಾರ. ನಿಮ್ಮ ಮಿಕ್ಸರ್ ಗುರ್ ಅಂತ ಕುಂದ್ರತೈತಿ, ತಿರಗಾಂಗಿಲ್ಲ. ಸುಮ್ನ ಯಾಕ ಹೊರತೀರಿ?"

ಒಯ್ದರೆ ಉಪಯೋಗವಿಲ್ಲ. ಬಿಟ್ಟರೆ ಅತ್ತೆ ಗೆದ್ದಂತೆ. ಬಸ್ಸು ಕಾಯುತ್ತ ನಿಂತಾಗ ಇನ್ನೊಂದು ದಾರಿ ಹೊಳೆಯಿತು. ಪೇಟೆಗೆ ವಾಪಸು ಹೋಗಿ ಒಣಮೆಣಸಿನಕಾಯಿ ಕೊಂಡೆ.

ಮರುದಿನ ಬೆಳಿಗ್ಗೆ ಅತ್ತೆಯ ತಲೆದಿಂಬಿನ ಕೆಳಗಿಂದ ಕೀಲಿ ತೆಗೆದು, ಅವರು ನೋಡುತ್ತಿರುವಾಗಲೇ ಬಾಕ್ಸ್ ಬಿಚ್ಚಿದೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಗುಂಡಿ ತಿರುಗಿಸಿದೆ. ಮನೆತುಂಬ ಘಾಟು. "ಏ, ನಿನ್ನ ಕೈ ಸೇದ್ಹೋಗ್ಲಿ!" ಎಂದು ಅತ್ತೆ ಕೆಮ್ಮುತ್ತಲೇ ಚೀರಿದರು. ಇಬ್ಬರ ಕಣ್ಣಲ್ಲೂ ನೀರು. ನನಗೆ ಎಂಥ ಖುಷಿ ಅಂತೀರಿ! ಇನ್ನೆರಡು ಸಲ ಅರೆದೆ. ಮುಚ್ಚಳದ ರಬ್ಬರಿಗೆ ಖಾರದ ವಾಸನೆ ಹತ್ತಿದರೆ ಹೋಗುವುದಿಲ್ಲ, ಅದು ಗೊತ್ತಿದ್ದೇ ಮಾಡಿದ್ದು.

"ತಗೋರಿ ಅತ್ತಿ, ಬಿಟ್ಟು ಹೊಂಟೇನಿ" ಅಂದೆ.

ನಾದಿನಿ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖವನ್ನು ನಾನು ನೋಡಲಿಲ್ಲ.

ಮದುವೆಯಾಗಿ ಮೂಡಲಗಿಗೆ ಹೋದ ಮೇಲೆ ಅವಳೇ ಜೆಡ್ಡಾಕ್ಕೆ ಫೋನ್ ಮಾಡಿದಳು. ಅತ್ತೆ ಮಿಕ್ಸರನ್ನು ಲಿಂಬೆಹಣ್ಣು ಹಾಕಿ ತಿಕ್ಕಿ ರುಖವತದಲ್ಲಿ ಇಟ್ಟೇಬಿಟ್ಟಿದ್ದರಂತೆ. ಬೀಗರ ಪೈಕಿ ಒಬ್ಬಾಕೆ ಮುಚ್ಚಳ ತೆಗೆದು ಮೂಸಿ, "ಅಯ್ಯ, ಬಳಸಿದ್ದ ಸಾಮಾನು ತಂದಿಟ್ಟಾರ" ಎಂದು ಮಂಟಪದಲ್ಲೇ ನಕ್ಕಳಂತೆ.

"ಅವ್ವ ನಿಮ್ಮ ಹೆಸರು ಹೇಳಾಕ ಬಾಯಿ ತಗದ್ಲು. ನಾನ ಮುಂದ ಹೋಗಿ, ‘ತಿನ್ನೂ ಆಸೆ ತಡೀಲಾರದ ನಾನ ಇದರಾಗ ಖಾರಾ ಮಾಡಿ ನೋಡೇನ್ರಿ’ ಅಂದೆ. ಈಗ ಈ ಮನ್ಯಾಗ ಎಲ್ಲಾರೂ ನನಗ ಬಾಯಿಚಪಲದಾಕಿ ಅಂತಾರ."

ಅಲ್ಲಿ ಮಳೆ ಹೇಗಿದೆ ಎಂದು ಮಾತು ತಿರುಗಿಸಿದೆ. ಅವಳು ಬಿಡಲಿಲ್ಲ.

"ವೈನಿ, ನಿಮ್ಮ ಜಗಳ ಅವ್ವನ ಕೂಡ ಇತ್ತು. ನಾ ಏನ ಮಾಡಿದ್ನೆರಿ?"

"ಹಲೋ, ಹಲೋ, ಏನೂ ಕೇಳಸವಲ್ದು" ಎಂದು ಸುಳ್ಳೇ ಕೂಗಿ ಫೋನ್ ಇಟ್ಟುಬಿಟ್ಟೆ.