ತವರಿನಿಂದ ಬಂದ ಕಣ್ಣು

ಮಕ್ಕಳ ಚೆಲುವು, ಬುದ್ಧಿ ತನ್ನ ತವರಿನಿಂದ ಬಂದವು, ಉಳಿದದ್ದೆಲ್ಲ ಗಂಡ ಆದೆಪ್ಪನ ಮನೆತನದ್ದು ಎಂದು ಮುಕ್ಕುಂದದ ಕರೆಮ್ಮ ಗಟ್ಟಿಯಾಗಿ ನಂಬಿದ್ದಳು. ಮಗ ಮುದುಕಪ್ಪನಿಗೆ ಕೆಂಪು, ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಹಣ್ಣು ಮೆಣಸಿನಕಾಯಿ ಬಿಡಿಸಲು ಕಳಿಸಿದರೆ ಹಸಿಕಾಯಿಯನ್ನೂ ಬಿಡಿಸಿ ತರುತ್ತಿದ್ದ. ಆಗೆಲ್ಲ ಕರೆಮ್ಮ ಗಂಡನನ್ನು ದುರುಗುಟ್ಟಿ ನೋಡುತ್ತಿದ್ದಳು.

೧೯೯೩ರಲ್ಲಿ, ವಂಶದಲ್ಲಿ ಬರುವ ದೋಷಗಳನ್ನು ಅಭ್ಯಾಸ ಮಾಡುವ ಡಾಕ್ಟರಮ್ಮ ಒಬ್ಬರು ಊರಿಗೆ ಬಂದರು. ಹೊಸದಾಗಿ ಹುಟ್ಟಿದ ಕೂಸುಗಳ ಮೂರು ತಲೆಮಾರಿನ ವಿವರ ಬರೆದುಕೊಂಡು, ಮನೆಯವರೆಲ್ಲರ ರಕ್ತದ ಹನಿ ತೆಗೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ತಂದೆಯಾಗಿದ್ದ ಮುದುಕಪ್ಪನ ಕೂಸಿನ ಸರದಿ ಬಂದಾಗ ಅವನ ಕಣ್ಣಿನ ಮಾತೂ ಬಂತು.

"ನಿಮ್ಮ ತವರಾಗ ಯಾರಿಗಾದ್ರೂ ಹಿಂಗಿತ್ತೇನ್ರಿ?" ಎಂದು ಡಾಕ್ಟರಮ್ಮ ಕರೆಮ್ಮನನ್ನು ಕೇಳಿದರು.

"ಇಲ್ರೀ. ನಮ್ಮಪ್ಪ ಕೆಂಪು ರುಮಾಲಂತ ಹಸಿರು ರುಮಾಲು ಸುತ್ಕೊಂಡು ಬರ್ತಿದ್ದ. ಅದು ಬರೇ ನಗಸಾಕ ಮಾಡ್ತಿದ್ದ ಚಾಷ್ಟಿ."

ಡಾಕ್ಟರಮ್ಮ ನಗುತ್ತ ತಮ್ಮ ಪುಸ್ತಕದಲ್ಲಿ ಅವಳ ಅಪ್ಪನಿಂದ ಮುದುಕಪ್ಪನವರೆಗೆ ಗೆರೆ ಎಳೆದರು. ಗೆರೆ ಕರೆಮ್ಮನ ಮೂಲಕವೇ ಹಾದುಹೋಯಿತು. "ಇದು ತಾಯಿ ಕಡಿಂದನ ಗಂಡಮಕ್ಕಳಿಗೆ ಬರ್ತೈತ್ರಿ. ಇದರಾಗ ಯಾರ ತಪ್ಪೂ ಇಲ್ಲ."

"ಮೂವತ್ತು ವರ್ಷ ನಮ್ಮ ಮನೆತನಾನ ಬೈದ್ಯಲ್ಲಬೇ!" ಎಂದು ಆದೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಕರೆಮ್ಮನ ಮುಖ ಕೆಂಪಾಯಿತು. ಅದು ಮಗನಿಗೊಬ್ಬನಿಗೆ ಕಾಣಲಿಲ್ಲ. ಅವಳು ಪುಸ್ತಕದತ್ತ ಬೆರಳು ತೋರಿಸಿ, "ಹಂಗಾರ ನಮ್ಮಪ್ಪನ ಹೆಸರು ದೊಡ್ಡ ಅಕ್ಷರದಾಗ ಬರಕೋರಿ, ಹೊನ್ನೂರಪ್ಪ" ಎಂದಳು.

ಮರುವಾರ ಮಸ್ಕಿ ಸಂತೆಯಲ್ಲಿ ಅವಳು ಕಂಡಕಂಡವರಿಗೆಲ್ಲ, ತನ್ನಪ್ಪನ ಹೆಸರು ಡಾಕ್ಟರ ಪುಸ್ತಕ ಸೇರಿದೆ ಎಂದು ಹೇಳಿದಳು. ಯಾವ ಕಾರಣಕ್ಕೆ ಸೇರಿತೆಂದು ಯಾರೂ ಕೇಳಲಿಲ್ಲ. ಚೀಲ ಹೊತ್ತು ಹಿಂದೆ ಬರುತ್ತಿದ್ದ ಆದೆಪ್ಪನೂ ಹೇಳಲಿಲ್ಲ.